ಸಾಕ್ಷಿ ಕಟ್ಟಿದ ಬಟ್ಟೆ

ನನ್ನ ಮೂಗಿನ ವಿಷಯ ನರಸಿಂಹರಾಜಪುರದಲ್ಲಿ ಯಾರನ್ನು ಬೇಕಾದರೂ ಕೇಳಿ. ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ರಿಪೇರಿ ಅಂಗಡಿ. ಕಳೆ ಹೊಡೆಯುವ ಮಿಷನ್ನು, ಔಷಧಿ ಹೊಡೆಯುವ ಪಂಪು ಎಲ್ಲ ಬರುತ್ತವೆ. ಸ್ಟಾರ್ಟ್ ಆಗುತ್ತಿಲ್ಲ ಎಂದು ಯಾರಾದರೂ ತಂದಿಟ್ಟರೆ ನಾನು ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಮೂಸುತ್ತೇನೆ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತಿದ್ದರೆ ಅಲ್ಲೇ ಗೊತ್ತಾಗಿಬಿಡುತ್ತದೆ. "ಎಲ್ಲಿ ಹಾಕಿಸಿದೆ ಮಾರಾಯ?" ಎಂದು ಕೇಳಿದರೆ ಗಿರಾಕಿ ಮುಖ ಆ ಕಡೆ ತಿರುಗಿಸುತ್ತಾನೆ. ಮನುಷ್ಯ ಸುಳ್ಳು ಹೇಳುತ್ತಾನೆ, ವಾಸನೆ ಹೇಳುವುದಿಲ್ಲ ಎಂದು ನಂಬಿಕೊಂಡು ಬದುಕಿದವನು ನಾನು.

ಹೆಸರು ಕಾಂತೇಶ್. ಅನುಮಾನದ ಕಾಂತೇಶ ಎಂದು ಬೆನ್ನ ಹಿಂದೆ ಕರೆಯುತ್ತಾರೆ, ಅದೂ ಗೊತ್ತು. ಹೆಂಡತಿ ಮೇಘನ ಎದುರಿಗೇ ಹೇಳುತ್ತಾಳೆ: "ಯಾರ ಮೇಲೂ ಅನುಮಾನ ಬರದೆ ಇದ್ರೆ ಇವರಿಗೆ ಅವತ್ತು ಊಟ ಸೇರಲ್ಲ." ಹೇಳಲಿ. ಒಂದು ಮಗುವನ್ನು ಮಣ್ಣು ಮಾಡಿ ಬಂದವನಿಗೆ ಅನುಮಾನ ಬರದೆ ಇನ್ನೇನು ಬರುತ್ತದೆ?

ನಮ್ಮ ಮೊದಲ ಗಂಡುಮಗು ಹುಟ್ಟಿದ್ದು ಮೇಘನಳ ತವರಿನಲ್ಲಿ, ಕೊಪ್ಪದ ಹತ್ತಿರದ ಭಂಡಿಗಡಿಯಲ್ಲಿ. ಹುಟ್ಟಿದಾಗ ಗುಂಡಗೆ ಚೆನ್ನಾಗಿತ್ತು. ವಾರ ತುಂಬುವುದರೊಳಗೆ ಹಳದಿಯಾಯಿತು, ಹಾಲು ಕುಡಿಯುವುದನ್ನು ಬಿಟ್ಟಿತು, ಬೆನ್ನು ಬಿಲ್ಲಿನಂತೆ ಬಾಗಿಸಿ ಅತ್ತಿತು. ಆಸ್ಪತ್ರೆಯ ಬಾಗಿಲು ಕಾಣುವಷ್ಟರಲ್ಲಿ ಮುಗಿದಿತ್ತು. ಕಾಮಾಲೆ ಮಿದುಳಿಗೆ ಏರಿತು ಎಂದರು ಡಾಕ್ಟರು. ಯಾಕೆ ಏರಿತು ಎಂದು ಯಾರೂ ಹೇಳಲಿಲ್ಲ. ನಾನು ಮಾವನ ಮನೆಯಲ್ಲಿ ಮಗುವಿಗೆ ಹಚ್ಚಿದ ಎಣ್ಣೆಯ ಬಾಟಲಿ ಮೂಸಿದೆ, ಬಾಣಂತಿಗೆ ಕಾಸಿದ ಕಷಾಯದ ಪಾತ್ರೆ ಮೂಸಿದೆ, ಬಚ್ಚಲ ಹಂಡೆಯನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ. ಸಿಗದೇ ಇದ್ದದ್ದೇ ನನಗೆ ದೊಡ್ಡ ಸಾಕ್ಷಿಯಾಯಿತು. ಏನನ್ನೋ ಮುಚ್ಚಿಟ್ಟಿದ್ದಾರೆ ಎಂದುಕೊಂಡೆ. ಮಾವ ಜಯದೇವಪ್ಪನವರಿಗೆ ಅವರದೇ ಜಗಲಿಯಲ್ಲಿ ನಿಂತು, "ನಿಮ್ಮ ಮನೆ ನನ್ನ ಮಗನನ್ನ ತಿಂತು" ಎಂದು ಹೇಳಿ ಬಂದೆ. ಅವರು ಒಂದು ಮಾತೂ ತಿರುಗಿ ಆಡಲಿಲ್ಲ. ಅವತ್ತಿನಿಂದ ಹೋಗುವುದು ಬರುವುದು ನಿಂತಿತು.

ಆ ಮಗುವಿನ ಒಂದೇ ಒಂದು ಫೋಟೋ ನನ್ನ ಮೊಬೈಲಿನಲ್ಲಿದೆ. ತೆಳು ಹಸಿರು ಸೀರೆಯೊಳಗೆ ಮುಖ ಮಾತ್ರ ಕಾಣುತ್ತದೆ.

ಎರಡನೆಯ ಸಲ ಮೇಘನ ಬಸುರಿಯಾದಾಗ ನಾನು ಖಡಾಖಂಡಿತವಾಗಿ ಹೇಳಿದೆ. ಈ ಬಾಣಂತನ ನಮ್ಮ ಮನೆಯಲ್ಲೇ, ನನ್ನ ಅವ್ವನ ಕೈಯಲ್ಲೇ. ಅವ್ವ ದಾಕ್ಷಾಯಣಮ್ಮ ಊರಿನ ಅರ್ಧ ಮಕ್ಕಳನ್ನು ಎರೆದು ಬೆಳೆಸಿದವಳು. ಮೇಘನ, "ನಮ್ಮಮ್ಮ ನೋಡೋಕಾದ್ರೂ ಬರಬಹುದಾ?" ಎಂದು ಕೇಳಿದಳು. ನೋಡೋಣ ಎಂದೆ.

ಹೆರಿಗೆಗೆಂದು ನಮ್ಮೂರಿನ ಆಸ್ಪತ್ರೆಗೆ ಸೇರಿಸಿದ ದಿನವೇ ಅರ್ಪಣಾ ಎನ್ನುವವರು ಎದುರಾದದ್ದು. ಕನ್ನಡಕ, ಹತ್ತಿ ಸೀರೆ, ಕೈಯಲ್ಲಿ ಐಸ್ ತುಂಬಿದ ನೀಲಿ ಡಬ್ಬ. ಅವರು ಡಾಕ್ಟರಲ್ಲ, ಸಂಶೋಧಕಿಯಂತೆ. ಕೊಪ್ಪ, ಶೃಂಗೇರಿ, ನಮ್ಮೂರು, ಮೂರೂ ಕಡೆ ಹುಟ್ಟುವ ಮಕ್ಕಳ ಹೊಕ್ಕುಳಬಳ್ಳಿಯಿಂದ ಸ್ವಲ್ಪ ರಕ್ತ ತೆಗೆದು ಪರೀಕ್ಷೆ ಮಾಡುತ್ತಾರಂತೆ. ನನ್ನ ಮಗುವಿನ ರಕ್ತ ನಿಮಗೆ ಯಾಕೆ ಎಂದೆ.

ಅವರು ಉತ್ತರ ಕೊಡುವ ಬದಲು ನನ್ನ ಮೊಣಕೈ ಕೆಳಗೆ ನೋಡಿದರು. ವಾರದ ಹಿಂದೆ ಮಿಷನ್ನಿನ ಹಿಡಿಕೆ ತಿರುಗಿ ಹೊಡೆದು ಅಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಮೊದಲು ಕೆಂಪಗಿತ್ತು, ಆಮೇಲೆ ನೀಲಿ ಆಯ್ತು, ಅಲ್ವಾ? ಈಗ ಅಂಚಲ್ಲಿ ಹಸಿರು ಇದೆ. ನಾಡಿದ್ದಿಗೆ ಹಳದಿ ಆಗುತ್ತೆ, ನೋಡ್ತಿರಿ" ಎಂದರು. "ರಕ್ತಕ್ಕೆ ಕೆಂಪು ಬಣ್ಣ ಕೊಡೋದಕ್ಕೆ ಹೀಮ್ ಅಂತಾರೆ. ರಕ್ತದ ಕಣ ಒಡೆದಾಗ ದೇಹ ಅದನ್ನ ಮೊದಲು ಹಸಿರು ಮಾಡುತ್ತೆ, ಆಮೇಲೆ ಹಳದಿ. ಆ ಹಳದೀನ ಲಿವರ್ ಹೊರಗೆ ಹಾಕುತ್ತೆ. ಹುಟ್ಟಿದ ಕೂಸಿನ ಲಿವರ್ ಇನ್ನೂ ಕೆಲಸ ಕಲೀತಿರುತ್ತೆ. ಕಣಗಳು ಒಟ್ಟಿಗೇ ಒಡೆದುಬಿಟ್ರೆ ಅದರ ಕೈಲಿ ಆಗಲ್ಲ. ಹಳದಿ ಮಿದುಳಿಗೆ ಹೋಗುತ್ತೆ. ಯಾವ ಮಕ್ಕಳಿಗೆ ಆ ಅಪಾಯ ಇದೆ ಅಂತ ಮೊದಲೇ ಕಂಡುಹಿಡಿಯೋದು ನನ್ನ ಕೆಲಸ."

ಮಾತು ನಯವಾಗಿತ್ತು. ನಯವಾದ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಇದರಿಂದ ನಿಮಗೇನು ಸಿಗುತ್ತದೆ ಎಂದು ಕೇಳಿದೆ. "ಗೊತ್ತಾಗುತ್ತೆ" ಎಂದರು. ಬರೀ ಗೊತ್ತಾಗಲಿ ಎಂದು ಯಾರಾದರೂ ಬಿಸಿಲಲ್ಲಿ ಮೂರು ಊರು ಸುತ್ತುತ್ತಾರೆಯೇ? ಯಾವುದೋ ಔಷಧಿ ಕಂಪನಿಯ ಕಡೆಯವರೇ ಇರಬೇಕು. ತಾನು ಶೃಂಗೇರಿ ಹತ್ತಿರ ಮೆಣಸೆಯವಳು ಎಂದೂ ಹೇಳಿದ್ದರು. ಶೃಂಗೇರಿಯಲ್ಲಿ ಟೈರ್ ಅಂಗಡಿ ಇಟ್ಟಿರುವ ನನ್ನ ಚಿಕ್ಕಮ್ಮನ ಮಗ ಹರೀಶನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

"ಹೌದು ಮಾರಾಯ, ಅವರಪ್ಪ ಇಲ್ಲೇ ಪೋಸ್ಟ್ ಆಫೀಸಲ್ಲಿದ್ರು" ಎಂದ ಹರೀಶ. "ನಿಂಗೆ ಎಂತ ಆಗಬೇಕಿತ್ತು?"

"ಅವಳು ಮಗು ರಕ್ತ ಕೇಳ್ತಿದಾಳೆ ಕಣೋ."

"ಬ್ಯಾಂಕ್ ಪಾಸ್‌ವರ್ಡ್ ಕೇಳ್ಲಿಲ್ವಲ್ಲ, ಕೊಡು ಅತ್ಲಾಗೆ."

ಕಡೆಗೆ ಒಪ್ಪಿದ್ದು ನಾನಲ್ಲ, ಮೇಘನ. ನೋವು ತಿನ್ನುತ್ತ ಮಂಚದ ಕಂಬಿ ಹಿಡಿದುಕೊಂಡೇ ಹೇಳಿದಳು: "ಆ ಮಗು ಯಾಕೆ ಹೋಯ್ತು ಅಂತ ನಂಗೆ ಗೊತ್ತಾಗಬೇಕು. ನೀವು ಬೇಡ ಅಂದ್ರೂ ನಾನು ಕೊಡ್ತೀನಿ."

ಗಂಡುಮಗು ಹುಟ್ಟಿತು. ಮನೆಗೆ ಕರೆತಂದೆವು. ಮಠದಿಂದ ಅಯ್ಯನವರು ಬಂದು ಮಗುವಿಗೆ ಲಿಂಗ ಕಟ್ಟಿ, ಹಣೆಗೆ ವಿಭೂತಿ ಇಟ್ಟು ಹೋದರು. ನಮ್ಮ ಮನೆಯಲ್ಲಿ ನಾಮಕರಣದ ತನಕ ಕೂಸಿಗೆ ಹೊಸ ಬಟ್ಟೆ ಮುಟ್ಟಿಸುವುದಿಲ್ಲ. ಹಿರಿಯರು ಉಟ್ಟು ಮೆತ್ತಗಾದ ಬಟ್ಟೆಯೇ ಆಗಬೇಕು. ಅವ್ವ ಅಟ್ಟದ ಕಬ್ಬಿಣದ ಪೆಟ್ಟಿಗೆ ಇಳಿಸಿ ಅಜ್ಜಿಯ ತೆಳು ಹಸಿರು ಸೀರೆ ತೆಗೆದಳು. ನಾನೂ ಅದರಲ್ಲೇ ಮಲಗಿದವನು, ನನ್ನಪ್ಪನ ತಮ್ಮಂದಿರ ಮಕ್ಕಳೂ ಅದರಲ್ಲೇ ಮಲಗಿದವರು. ಪೆಟ್ಟಿಗೆಯ ವಾಸನೆ ಮನೆಯೆಲ್ಲ ತುಂಬಿತು. ಹಬ್ಬಕ್ಕೆ ರೇಷ್ಮೆ ತೆಗೆದಾಗ, ಮದುವೆಗೆ ಹೊರಟಾಗ, ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡಾಗ ಬರುತ್ತಿದ್ದ ವಾಸನೆ. ನನಗೆ ಎದೆ ತುಂಬಿ ಬಂತು. ಮಡಿ ಮಾಡಿಟ್ಟದ್ದನ್ನು ಮತ್ತೆ ಒಗೆಯುವುದು ಯಾಕೆ ಎಂದು ಅವ್ವ ಸೀರೆಯ ಅರ್ಧವನ್ನು ತೊಟ್ಟಿಲಿಗೆ ಹಾಸಿದಳು, ಇನ್ನರ್ಧವನ್ನು ಹರಿದು ಮಗುವಿಗೆ ಸುತ್ತಿದಳು.

ಅತ್ತೆ ಬಂದದ್ದು ಅದರ ಮರುದಿನ ಬೆಳಿಗ್ಗೆ, ಬಸ್ಸಿನಲ್ಲಿ, ಒಬ್ಬರೇ. ಕೈಯಲ್ಲಿ ತಾವೇ ಹೊಲಿದ ಕುಲಾವಿ, ಮಗುವಿಗೆಂದು ಕಾಸಿದ ಕೊಬ್ಬರಿ ಎಣ್ಣೆ. ಮಗುವನ್ನು ಕಿಟಕಿಯ ಹತ್ತಿರ ಒಯ್ದು ಅರಿಶಿನ ಹಚ್ಚಿದ ಮುಖವನ್ನು ಸೆರಗಿನಲ್ಲಿ ಒರೆಸಿ ನೋಡಿದರು.

"ಮಗು ಸ್ವಲ್ಪ ಹಳದಿ ಕಾಣ್ತಿದೆ. ಒಮ್ಮೆ ಡಾಕ್ಟರಿಗೆ ತೋರಿಸ್ತೀರಾ?"

"ಅರಿಶಿನ ಹಚ್ಚಿದ್ರೆ ಹಳದಿ ಕಾಣದೆ ನೀಲಿ ಕಾಣುತ್ತಾ?" ಎಂದೆ. "ನಿಮ್ಮ ಕಣ್ಣಿಗೆ ನಮ್ಮ ಮಕ್ಕಳು ಹಳದೀನೇ."

ಅವರು ಕಾಫಿ ಕುಡಿಯದೆ ಎದ್ದು ಹೋದರು. ಮೇಘನ ಗೋಡೆ ಕಡೆ ತಿರುಗಿ ಮಲಗಿದಳು. ಕುಲಾವಿ ಮಾತ್ರ ಮಗುವಿನ ತಲೆಯ ಮೇಲೇ ಉಳಿಯಿತು.

ಆ ದಿನವೇ ನನ್ನ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬರತೊಡಗಿತು. ಗೊತ್ತಿಲ್ಲದ ನಂಬರ್ ನಾನು ಎತ್ತುವುದಿಲ್ಲ. ಮತ್ತೆ ಮತ್ತೆ ಬಂದಾಗ ಬ್ಲಾಕ್ ಮಾಡಿದೆ. ಮಾರನೆಯ ದಿನ ಮಧ್ಯಾಹ್ನ ಅರ್ಪಣಾ ಅಂಗಡಿಗೇ ಬಂದು ನಿಂತರು, ಬೆವರು ಒರೆಸಿಕೊಳ್ಳುತ್ತ.

"ನಿಮಗೆ ಫೋನ್ ಹೋಗ್ತಾನೇ ಇಲ್ಲ. ಮಗು ಹೇಗಿದೆ? ಹಾಲು ಕುಡೀತಿದೆಯಾ?"

"ಯಾಕೆ?"

"ರಕ್ತದ ಕಣಗಳನ್ನ ಒಡೆಯದ ಹಾಗೆ ಕಾಯೋ ಒಂದು ಅಂಶ ನಿಮ್ಮ ಮಗನಿಗೆ ಹುಟ್ಟಿನಿಂದಲೇ ಕಡಿಮೆ ಇದೆ. ಅದರಿಂದಲೇ ಏನೂ ಆಗಲ್ಲ. ಆದ್ರೆ ಕೆಲವು ಮಾತ್ರೆ, ಬಟ್ಟೆಗೆ ಇಡೋ ಡಾಂಬರು ಗುಳಿಗೆ, ಇಂಥದ್ದು ಹತ್ತಿರ ಬಂದ್ರೆ ಕಣಗಳು ಒಡೀತಾವೆ. ಮನೇಲಿ ಡಾಂಬರು ಗುಳಿಗೆ ಇದೆಯಾ?"

"ಇಲ್ಲ. ಈ ಕೊರತೆ ಎಲ್ಲಿಂದ ಬಂತು?"

"ತಾಯಿ ಕಡೆಯಿಂದ ಬರುತ್ತೆ. ಆದ್ರೆ ಅದು..."

ಮುಂದಿನದು ನನಗೆ ಕೇಳಿಸಲೇ ಇಲ್ಲ. ತಾಯಿ ಕಡೆಯಿಂದ. ನಾನು ಎರಡು ವರ್ಷದಿಂದ ಬಾಯಿ ಬಡಿದುಕೊಂಡದ್ದು ಅದನ್ನೇ ತಾನೆ. ಅದೇ ಗಳಿಗೆಗೆ ಇನ್ನೊಂದು ಅನುಮಾನವೂ ಬಂತು. ಮಗುವಿಗೆ ಏನೋ ಆಗುತ್ತದೆ ಎಂದು ಇವಳಿಗೆ ಮೊದಲೇ ಹೇಗೆ ಗೊತ್ತು? ಆದರೂ ಅವರನ್ನು ಮನೆಗೆ ಕರೆದುಕೊಂಡು ಹೋದೆ. ಅವರು ಮಗುವಿನ ಎದೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಒತ್ತಿದ ಜಾಗ ಮಾಗಿದ ಬಾಳೆಹಣ್ಣಿನ ಸಿಪ್ಪೆಯ ಬಣ್ಣಕ್ಕಿತ್ತು.

"ಮಕ್ಕಳ ಡಾಕ್ಟರು ಕೊಪ್ಪದಲ್ಲಿ ಸಿಗ್ತಾರೆ. ಈಗಲೇ ಹೊರಡಿ" ಎಂದರು. ನಯವಾದ ದನಿ ಎಲ್ಲಿ ಹೋಗಿತ್ತೋ.

ಕೊಪ್ಪದ ಒಂದು ನರ್ಸಿಂಗ್ ಹೋಮಿನಲ್ಲಿ ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಆ ಬೆಳಕು ಮೈಯ ಹಳದಿಯನ್ನು ಕರಗಿಸಿ ಹೊರಗೆ ಕಳಿಸುತ್ತದಂತೆ. ಹಾಲಿಗೆ ಮಾತ್ರ ಹೊರಗೆ ತೆಗೆಯುವುದು. ಆಗ ಅವ್ವ ಸೀರೆಯ ತುಂಡಿನಲ್ಲಿ ಬೆಚ್ಚಗೆ ಸುತ್ತಿ ಮೇಘನಳ ಕೈಗೆ ಕೊಡುವಳು, ಕುಡಿದಾದ ಮೇಲೆ ತಾನೇ ತೊಡೆಯ ಮೇಲೆ ಹಾಕಿಕೊಂಡು ತಟ್ಟುವಳು. ಮಾರನೆಯ ಬೆಳಿಗ್ಗೆ ನೋಡಿದರೆ ಹಳದಿ ಇಳಿದಿರಲಿಲ್ಲ, ಏರಿತ್ತು. ರಕ್ತವೂ ಕಡಿಮೆಯಾಗಿತ್ತು.

"ಸಂಜೆಯೊಳಗೆ ಇಳಿಯದಿದ್ರೆ ಶಿವಮೊಗ್ಗಕ್ಕೆ ಕಳಿಸ್ತೀನಿ. ಮೈಯ ರಕ್ತವನ್ನೇ ಬದಲಾಯಿಸಬೇಕಾಗುತ್ತೆ" ಎಂದರು ಡಾಕ್ಟರು. ಆ ಮೊದಲನೆಯ ಮಗುವಿನಂತೆ ಇದೂ ಬೆನ್ನು ಬಾಗಿಸುತ್ತದೇನೋ ಎಂದು ನಾನು ಗಾಜಿನಾಚೆಯಿಂದ ನೋಡುತ್ತಲೇ ಇದ್ದೆ.

ಅರ್ಪಣಾ ಮತ್ತೆ ಕೇಳಿದರು. "ಬೆಳಕಿಟ್ಟರೂ ಏರ್ತಿದೆ ಅಂದ್ರೆ ಏನೋ ಇನ್ನೂ ಕಣ ಒಡೀತಿದೆ. ಯೋಚನೆ ಮಾಡಿ ಹೇಳಿ. ಡಾಂಬರು ಗುಳಿಗೆ ಇಲ್ಲವೇ ಇಲ್ವಾ?"

"ಇಲ್ಲ ತಾಯಿ, ಮನೇಲಿ ಒಂದೂ ಇಲ್ಲ" ಎಂದಳು ಅವ್ವ. ಅದು ನಿಜವೇ. ನಾನೂ ಬಚ್ಚಲು, ಕಪಾಟು ಎಲ್ಲ ನೋಡಿದ್ದೆ.

"ಹಾಗಾದ್ರೆ ಮಗುಗೆ ಮುಟ್ಟಿಸಿದ ಸಾಮಾನೆಲ್ಲ ತಗೊಂಬನ್ನಿ. ಎಣ್ಣೆ, ಪೌಡರು, ಎಲ್ಲ."

ನನಗೆ ಅಷ್ಟೇ ಬೇಕಿತ್ತು. ಬೈಕ್ ಹತ್ತಿ ಮನೆಗೆ ಬಂದೆ. ಅತ್ತೆ ತಂದ ಎಣ್ಣೆ ಬಾಟಲಿ, ಹೊರಡುವ ಅವಸರದಲ್ಲಿ ತೊಟ್ಟಿಲಲ್ಲೇ ಉಳಿದಿದ್ದ, ಅತ್ತೆ ಹೊಲಿದ ಕುಲಾವಿ. ಈ ಸಲ ಸಾಕ್ಷಿ ಕೈಯಲ್ಲೇ ಇದೆ. ಎರಡನ್ನೂ ಮೂಸಿದೆ. ಕೊಬ್ಬರಿ ವಾಸನೆ ಬಿಟ್ಟು ಏನೂ ಇಲ್ಲ. ಇದೆ, ನನ್ನ ಮೂಗಿಗೆ ಸಿಗದ್ದು ಏನೋ ಇದೆ, ಆ ಅರ್ಪಣಾಳ ಮಿಷನ್ನಿಗೆ ಸಿಕ್ಕೇ ಸಿಗುತ್ತದೆ ಎಂದುಕೊಂಡೆ. ಕಟ್ಟಿಕೊಳ್ಳಲು ಚೀಲ ಹುಡುಕುವ ತಾಳ್ಮೆ ಇರಲಿಲ್ಲ. ತೊಟ್ಟಿಲಲ್ಲಿ ಹಾಸಿದ್ದ ಸೀರೆ ಎಳೆದು, ಅದರಲ್ಲೇ ಎಲ್ಲ ಹಾಕಿ ಗಂಟು ಕಟ್ಟಿದೆ. ಬೈಕಿನ ಟ್ಯಾಂಕಿನ ಮೇಲೆ ಗಂಟು ಇಟ್ಟುಕೊಂಡು ಕೊಪ್ಪದವರೆಗೆ ಬಂದೆ. ದಾರಿಯುದ್ದಕ್ಕೂ ಅದರ ವಾಸನೆ ಮೂಗಿಗೆ ಹೊಡೆಯುತ್ತಲೇ ಇತ್ತು. ನಮ್ಮ ಮನೆಯ ವಾಸನೆ ಅಂತಷ್ಟೇ ಅನ್ನಿಸಿತು, ಸ್ವಲ್ಪ ಧೈರ್ಯವೂ ಬಂತು.

ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಮಾವ, ಅತ್ತೆ ಕೂತಿದ್ದರು. ಮೇಘನ ಕರೆಸಿರಬೇಕು. ಒಳ್ಳೆಯದೇ ಆಯಿತು. ಅವರೆದುರಿಗೇ ಗಂಟನ್ನು ಟೇಬಲ್ಲಿನ ಮೇಲೆ ಇಟ್ಟೆ.

"ಬಿಚ್ಚಿ ನೋಡಿ ಮೇಡಂ. ಯಾರ ಮನೆಯಿಂದ ಬಂದದ್ದು ಅಂತ ಆಮೇಲೆ ಹೇಳ್ತೀನಿ."

ಮಾವ ನೆಲ ನೋಡುತ್ತಿದ್ದರು. ಅತ್ತೆ ತಮ್ಮ ಕುಲಾವಿ ಗುರುತು ಹಿಡಿದರು, ಮುಖ ಸಣ್ಣಗಾಯಿತು. ಅರ್ಪಣಾ ಗಂಟು ಬಿಚ್ಚಿದರು. ಎಣ್ಣೆ ಬಾಟಲಿಯನ್ನು ಬದಿಗಿಟ್ಟರು, ಕುಲಾವಿಯನ್ನು ಬದಿಗಿಟ್ಟರು. ಖಾಲಿ ಸೀರೆಯ ಅಂಚನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು.

"ಇದು ಯಾವ ಬಟ್ಟೆ?"

"ಅದು ನಮ್ಮಜ್ಜಿ ಸೀರೆ. ಸುಮ್ನೆ ಕಟ್ಟೋಕೆ ತಂದೆ."

"ಮಗು ಇದರ ಮೇಲೆ ಮಲಗಿತ್ತಾ? ಎಲ್ಲಿಟ್ಟಿದ್ರಿ ಇದನ್ನ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಒಳಗೆ ಓಡಿದ್ದರು. ಒಳಗೆ ಮಗು ಹಾಲು ಕುಡಿದು ಅವ್ವನ ತೊಡೆಯ ಮೇಲಿತ್ತು, ಇನ್ನರ್ಧ ಸೀರೆಯಲ್ಲಿ ಸುತ್ತಿಕೊಂಡು. ಅರ್ಪಣಾ ಮಾತಿಲ್ಲದೆ ಮಗುವನ್ನು ಎತ್ತಿ, ಬಟ್ಟೆ ಬಿಚ್ಚಿ ಬಾಗಿಲಾಚೆ ಎಸೆದು, ಡಾಕ್ಟರನ್ನು ಕರೆದರು. ಮೈ ಒರೆಸಿ, ಆಸ್ಪತ್ರೆಯ ಬಟ್ಟೆ ಹಾಕಿ, ಮತ್ತೆ ಬೆಳಕಿನ ಕೆಳಗೆ ಇಟ್ಟರು.

"ಗುಳಿಗೆ ಎಲ್ಲಿದೆ ತಾಯಿ?" ಅವ್ವ ಬರಿಗೈ ಚಾಚಿ ಕೇಳುತ್ತಿದ್ದಳು. "ಯಾವ ಕಾಲದಲ್ಲೋ ಪೆಟ್ಟಿಗೆಗೆ ಹಾಕಿದ್ದೆ. ಕರಗಿ ಹೋಗಿ ಹೆಸರಿಗೂ ಉಳಿದಿಲ್ಲ. ಇಲ್ದೇ ಇರೋದನ್ನ ಇದೆ ಅಂತ ಹೆಂಗೆ ಹೇಳ್ಲಿ?"

"ಕರಗಿದ್ದು ಬಟ್ಟೆಗೇ ಸೇರಿರುತ್ತಮ್ಮ" ಎಂದರು ಅರ್ಪಣಾ. "ನಾನೇ ಕೇಳೋದು ತಪ್ಪು ಮಾಡಿದೆ. ಗುಳಿಗೆ ಇದೆಯಾ ಅಂತ ಕೇಳಿದೆ. ಬಟ್ಟೆ ಎಲ್ಲಿಂದ ತೆಗೆದ್ರಿ ಅಂತ ಕೇಳ್ಬೇಕಿತ್ತು."

ಸಂಜೆಗೆ ಹಳದಿ ಏರುವುದು ನಿಂತಿತು. ಬೆಳಗಾಗುವಾಗ ಇಳಿದಿತ್ತು. ಶಿವಮೊಗ್ಗಕ್ಕೆ ಬೇಡ ಎಂದರು ಡಾಕ್ಟರು. ಮೇಘನ ನನ್ನ ಭುಜಕ್ಕೆ ತಲೆ ಕೊಟ್ಟು ಅತ್ತಳು, ನಾನೂ ಅತ್ತುಬಿಟ್ಟೆ. ನಾಚಿಕೆಪಡುವಂಥದ್ದೇನೂ ಅಲ್ಲ.

ಅವ್ವ ಮಾತ್ರ ಅಳಲಿಲ್ಲ. ಅವಳು ಆ ಬೆಂಚಿನ ತುದಿಯಲ್ಲಿ ಕೂತು ಏನನ್ನೋ ಲೆಕ್ಕ ಹಾಕುವವಳ ಹಾಗೆ ಬೆರಳು ಮಡಚುತ್ತಿದ್ದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

"ಮೊದಲನೇ ಕೂಸು ಹುಟ್ಟಿದಾಗ ನಿಮ್ಮನೆಗೂ ಇದೇ ಸೀರೆ ಕಳಿಸಿದ್ದೆ ಅಲ್ವಾ ನಾನು? ಆಮೇಲೆ ಮೇಘನ ವಾಪಸು ತಂದಿದ್ಲಲ್ಲ."

ಮಾವ ತಲೆ ಎತ್ತಿ ನನ್ನನ್ನು ನೋಡಿದರು, ಎರಡು ವರ್ಷದಲ್ಲಿ ಮೊದಲ ಸಲ. ಹೇಳಬೇಕಾದ ಮಾತೆಲ್ಲ ಅವರ ಕಡೆಗಿತ್ತು. ಜಗಲಿಯಲ್ಲಿ ನಾನು ಆಡಿದ್ದನ್ನು ಬಡ್ಡಿ ಸಮೇತ ವಾಪಸು ಕೊಡಬಹುದಿತ್ತು. ನಾನು ತಲೆ ಬಗ್ಗಿಸಿ ಕಾದೆ.

ಮಾತಾಡಿದ್ದು ಅತ್ತೆ. "ಕಳಿಸಿದ್ರಿ ಅಕ್ಕ. ಆದ್ರೆ ನಾನು ಅದನ್ನ ದೇವರ ಮುಂದೆ ಇಟ್ಟಿದ್ದೆ, ಮಗುಗೆ ಹಾಕ್ಲಿಲ್ಲ. ಇವರದ್ದೊಂದು ಹಳೇ ಪಂಚೆ ಮೆತ್ತಗಿತ್ತು, ಅದನ್ನೇ ಹೊದೆಸಿದ್ದೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ."

ಅಷ್ಟು ಹೇಳಿ ಅವರು ಅವ್ವನ ಕೈ ಹಿಡಿದುಕೊಂಡರು. ನನ್ನ ಜೇಬಿನಲ್ಲಿ ಮೊಬೈಲಿತ್ತು. ಅದರಲ್ಲಿ ತೆಳು ಹಸಿರು ಸೀರೆ, ಅದರೊಳಗೆ ಆ ಮುಖ. ಫೋಟೋ ತೆಗೆಯುವಾಗ ಮಗುವನ್ನು ಎತ್ತಿ ಹಿಡಿದಿದ್ದವರು ಇದೇ ಅತ್ತೆ.

ಅವ್ವ ನನ್ನತ್ತ ತಿರುಗಿದಳು. "ಹೌದೇನೋ ಕಾಂತೇಶ?"

"ಹೌದವ್ವ" ಎಂದೆ. "ಅತ್ತೆ ಹೇಳಿದ್ದು ನಿಜ. ಪಂಚೆನೇ."

ಅವ್ವ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನಗೆ ಹೊಳೆಯಿತು. ಹುಟ್ಟಿದಾಗಿನಿಂದ ಯಾರ ಮಾತನ್ನೂ ಒಂದೇ ಸಲಕ್ಕೆ ಒಪ್ಪದ ನಾನು, ಅದರಲ್ಲೂ ಭಂಡಿಗಡಿಯವರ ಮಾತನ್ನು, ಅಷ್ಟು ಬೇಗ ಒಪ್ಪಬಾರದಿತ್ತು. ಒಂದಿಷ್ಟು ಜಗಳವಾಡಿ ಒಪ್ಪಬೇಕಿತ್ತು.

ಒಂದು ದಿನ ಅರ್ಪಣಾ ಅಂಗಡಿಯ ಮುಂದೆ ಹಾದುಹೋಗುತ್ತಿದ್ದಾಗ ನಾನೇ ಕರೆದು ಆ ಫೋಟೋ ತೋರಿಸಿದೆ. ಯಾಕೆ ತೋರಿಸಿದೆನೋ, ಯಾರಿಗಾದರೂ ಗೊತ್ತಿರಲಿ ಅನ್ನಿಸಿತು. ಅವರು ಅದನ್ನು ನೋಡಿ ಮೊಬೈಲ್ ನನ್ನ ಕೈಗೆ ವಾಪಸು ಕೊಟ್ಟರು. "ನನ್ನ ಕೆಲಸಕ್ಕೆ ಇದು ಬೇಕಿತ್ತು. ಆದ್ರೆ ಈ ವಿಷಯ ನಿಮ್ಮಮ್ಮನ ಕಿವಿಗೆ ನನ್ನಿಂದ ಹೋಗಲ್ಲ" ಎಂದರು. ನಾನು ನಂಬಿದೆ. ಈಗ ಮೂರೂ ಊರಲ್ಲಿ ಹೆರಿಗೆಗೆ ಬಂದವರನ್ನು ಅವರು ಕೇಳುವ ಮೊದಲ ಪ್ರಶ್ನೆ, ಮಗುವಿನ ಬಟ್ಟೆ ಯಾವ ಪೆಟ್ಟಿಗೆಯಿಂದ ಬರುತ್ತದೆ ಎಂಬುದಂತೆ. ಬಸುರಿಯರ ಕಡೆಯವರು ಇವಳಿಗೆ ನಮ್ಮ ಪೆಟ್ಟಿಗೆ ಉಸಾಬರಿ ಯಾಕೆ ಎಂದು ಅನುಮಾನ ಪಡುತ್ತಾರಂತೆ.

ಮಗ ಈಗ ಕವುಚಿ ಬೀಳುತ್ತಾನೆ, ಗಟ್ಟಿಯಾಗಿದ್ದಾನೆ. ಭಂಡಿಗಡಿಗೆ ಹೋಗಿ ಮಾವನ ಕಾಲಿಗೆ ಬಿದ್ದು ಬಂದೆ. ಪೆಟ್ಟಿಗೆಯನ್ನು ಅವ್ವ ತಾನೇ ಗುಜರಿಯವನಿಗೆ ಕೊಟ್ಟಳು. ಆದರೆ ಮಗುವನ್ನು ಎತ್ತಿಕೊಳ್ಳುವ ಮುಂಚೆ ಪ್ರತಿ ಸಲ ಸೆರಗನ್ನು ಮೂಗಿಗೆ ಹಿಡಿಯುತ್ತಾಳೆ. ಆಮೇಲೆ ಎರಡೂ ಅಂಗೈ ಮೂಸುತ್ತಾಳೆ. ಎಷ್ಟೋ ಸಲ ಅಷ್ಟಾದ ಮೇಲೂ ಎತ್ತಿಕೊಳ್ಳದೆ ಹಿಂದೆ ಸರಿಯುತ್ತಾಳೆ.

ನಿನ್ನೆ ಮಗು ಅವಳ ಕಡೆ ಕೈ ಚಾಚಿ ಕೂಗುತ್ತಿತ್ತು. ಅವ್ವ ಸೆರಗು ಮೂಸಿದಳು, ಕೈ ಮೂಸಿದಳು, ಆಮೇಲೆ ಎರಡೂ ಕೈಯನ್ನು ನನ್ನ ಮುಖದ ಹತ್ತಿರ ತಂದಳು.

"ನೀನೊಮ್ಮೆ ನೋಡೋ. ನಿನ್ನ ಮೂಗು ಚುರುಕು."

ಮೂಸಿದೆ. ಸೋಪು, ವಿಭೂತಿ, ಅಷ್ಟೇ.

"ಏನೂ ಇಲ್ಲವ್ವ. ಎತ್ಕೋ."

ನಿಜವಾಗಿಯೂ ಏನೂ ಇರಲಿಲ್ಲ. ಅವ್ವ ಕೈ ಕೆಳಗಿಳಿಸದೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.